ಬೆಚ್ಚಗೆ ಮಾಡಿಟ್ಟ ಗಾಡಿ

ಆಡಳಿತ ಮಂಡಳಿಯವರು ಬಂದು ಕೂರುವ ಮೊದಲು ಗಾಡಿ ಬೆಚ್ಚಗಿರಬೇಕು. ಹೀಗೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೂ ರೋಸ್ವಿತಾ ಕ್ನಾಪ್ ಹನ್ನೊಂದು ವರ್ಷದಿಂದ ಇದನ್ನು ಒಂದು ಸಲವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದಳು. ಪ್ರತಿ ಫೆಬ್ರವರಿಯಲ್ಲಿ ಹೋಲ್ಟ್ಸ್‌ಬಾಖ್ ಕಾರು ಕಂಪನಿಯ ದೊಡ್ಡವರು ಹೊಸ ಗಾಡಿ ಓಡಿಸಿ ನೋಡಲು ಜರ್ಮನಿಯಿಂದ ವಿಮಾನ ಹತ್ತಿ ಸ್ವೀಡನ್ನಿನ ಉತ್ತರದ ಒಂದು ಹೆಪ್ಪುಗಟ್ಟಿದ ಸರೋವರಕ್ಕೆ ಬರುತ್ತಿದ್ದರು. ಹೋಟೆಲಿನಲ್ಲಿ ಹಿಮಸಾರಂಗದ ಮಾಂಸ ತಿಂದು ಮಲಗಿ, ಬೆಳಿಗ್ಗೆ ಉಗಿಸ್ನಾನ ಮುಗಿಸಿ, ಒಂಬತ್ತಕ್ಕೆ ಮಂಜುಗಡ್ಡೆಯ ಮೇಲೆ ಕಾಲಿಡುತ್ತಿದ್ದರು. ಅಷ್ಟರೊಳಗೆ ರೋಸ್ವಿತಾ ಆರಕ್ಕೇ ಎದ್ದು, ಗಾಡಿಯ ಒಳಗನ್ನು ಇಪ್ಪತ್ತೆರಡು ಡಿಗ್ರಿಗೆ ತಂದು, ಸೀಟು ಕಾಯಿಸಿ, ಗಾಜಿನ ಮಂಜು ಕರಗಿಸಿ, ಬೆರಳಿನಿಂದ ಮುಟ್ಟಿ ನಡೆಸುವ ಗಾಜಿನ ಪರದೆಯನ್ನು ಎಬ್ಬಿಸಿ ಇಟ್ಟಿರುತ್ತಿದ್ದಳು. ಅವರು ಕೈಗವಸು ಕಳಚಿ, ಬೆಚ್ಚನೆಯ ಬೆರಳಿನಿಂದ ಬೆಚ್ಚನೆಯ ಗಾಜನ್ನು ಸವರಿ, "ಆಹಾ, ಬೆಣ್ಣೆ ಮುಟ್ಟಿದಂಗಿದೆ" ಅನ್ನುತ್ತಿದ್ದರು. ಆ ಬೆಣ್ಣೆಯ ಹೆಸರಿನಲ್ಲಿ ವರ್ಷಕ್ಕೆ ಐದಾರು ಒತ್ತುವ ಗುಂಡಿಗಳು ಗಾಡಿಯಿಂದ ಮಾಯವಾಗುತ್ತಿದ್ದವು.

ಗುಂಡಿಗಳು ರೋಸ್ವಿತಾಳ ಕಸುಬು. ಒತ್ತಿದಾಗ ಬೆರಳಿಗೆ ಅದು ಎಷ್ಟು ಎದುರು ಕೊಡಬೇಕು, ಟಿಕ್ ಎನ್ನುವ ಸದ್ದು ಯಾವ ಕ್ಷಣಕ್ಕೆ ಬರಬೇಕು, ಕಣ್ಣು ರಸ್ತೆಯ ಮೇಲೆ ನೆಟ್ಟಿರುವಾಗ ಕೈ ತಾನಾಗಿ ಅದನ್ನು ಹೇಗೆ ಹುಡುಕಿಕೊಳ್ಳಬೇಕು, ಇದನ್ನೇ ಇಪ್ಪತ್ತಾರು ವರ್ಷ ಮಾಡಿದವಳು. ಅವಳು ಕೆಲಸಕ್ಕೆ ಸೇರಿದಾಗ ಗಾಡಿಯಲ್ಲಿ ಎಪ್ಪತ್ತೊಂದು ಗುಂಡಿಗಳಿದ್ದವು. ಈ ವರ್ಷದ ಹೊಸ ಗಾಡಿಯೋ, ಎರಡೂವರೆ ಟನ್ ತೂಕದ ಮಹಾರಾಜ. ಒಳಗೆಲ್ಲ ಮೆತ್ತನೆಯ ಚರ್ಮ, ಈ ಬಾಗಿಲಿನಿಂದ ಆ ಬಾಗಿಲವರೆಗೆ ಒಂದೇ ಗಾಜಿನ ಪರದೆ. ಅದರಲ್ಲಿ ಉಳಿದಿದ್ದದ್ದು ಒಂದೇ ಗುಂಡಿ. ಮುಂದಿನ ಗಾಜಿನ ಮಂಜು ಕರಗಿಸುವ ಗುಂಡಿ. ಈಗ ಅದನ್ನೂ ಕಿತ್ತು ಪರದೆಯೊಳಗೆ ತುರುಕುವ ಯೋಚನೆ. ಗುಂಡಿಯಿಲ್ಲದ ಗಾಡಿಯೊಂದು ಆಗಲೇ ಸರೋವರಕ್ಕೆ ಬಂದು ನಿಂತಿತ್ತು. ಮಂಡಳಿಯ ಡಾಕ್ಟರ್ ಫಾಲ್ಕೊ ಬ್ರೆಂಡೆಲ್ ಅದನ್ನು ಒಂದು ಸುತ್ತು ಓಡಿಸಿ ಹೂಂ ಅಂದರೆ ಆ ಗುಂಡಿಯ ಕಥೆ ಮುಗಿದಂತೆ.

ಈ ಯೋಚನೆಯ ಪಿತಾಮಹ ತಿಲ್ಮನ್ ಫೋಸ್, ಪರದೆ ವಿಭಾಗದ ಮುಖ್ಯಸ್ಥ. ಮೊದಲು ಫೋನು ಮಾಡುವ ಕಂಪನಿಯಲ್ಲಿದ್ದವನು. ಮೈನಸ್ ಮೂವತ್ತರಲ್ಲೂ ತೆಳ್ಳನೆಯ ಬಿಳಿ ಬೂಟು ಹಾಕಿಕೊಂಡು ಮಂಜುಗಡ್ಡೆಯ ಮೇಲೆ ಬಾತುಕೋಳಿಯಂತೆ ನಡೆಯುತ್ತಿದ್ದ. ಗುಂಡಿ ಕಂಡರೆ ಸಾಕು, ಸೂಪಿನಲ್ಲಿ ಕೂದಲು ಸಿಕ್ಕಿದವನಂತೆ ಮುಖ ಮಾಡುತ್ತಿದ್ದ.

"ಮೇಡಂ, ಬಟನ್ ಅನ್ನೋದು ಅಜ್ಜಿ ಕಾಲದ್ದು," ಎಂದಿದ್ದ ಬ್ರೆಂಡೆಲ್ ಗಾಡಿ ಓಡಿಸುವ ಹಿಂದಿನ ದಿನ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. "ಗ್ರಾಹಕರಿಗೆ ಬೇಕಾಗಿರೋದು ನೆಮ್ಮದಿ. ಖಾಲಿ ಜಾಗ. ಒಂದು ಶಾಂತಿ."

"ಗಾಜಿನ ಮೇಲೆ ಮಂಜು ಕೂತು ಎದುರಿಗೆ ಲಾರಿ ಬಂದ್ರೆ ಶಾಶ್ವತವಾಗಿ ಶಾಂತಿ ಸಿಗುತ್ತೆ, ಬಿಡಿ," ಎಂದಳು ರೋಸ್ವಿತಾ.

"ಎರಡೇ ಎರಡು ಸಲ ಬೆರಳು ಇಟ್ರೆ ಆಯ್ತು. ಹವಾಮಾನ ಅನ್ನೋ ಚಿತ್ರ, ಆಮೇಲೆ ಗಾಜು ಅನ್ನೋ ಚಿತ್ರ. ಮಗೂಗೂ ಬರುತ್ತೆ."

"ಮಗು ಗಾಡಿ ಓಡಿಸೋದಿಲ್ವಲ್ಲಪ್ಪ."

ತಿಲ್ಮನ್ ನಕ್ಕ. ಆ ನಗು ಅವಳ ಮೈಯೆಲ್ಲ ಉರಿಸಿತು. ಉತ್ತರವಿಲ್ಲದವನ ನಗುವಾಗಿದ್ದರೆ ಸಹಿಸಬಹುದಿತ್ತು. ಅದು ಗೆದ್ದಾಯಿತೆಂದು ಗೊತ್ತಿದ್ದವನ ನಗು.

ಅವಳ ಉರಿಗೆ ಇನ್ನೊಂದು ಕಾರಣವಿತ್ತು. ಜನವರಿಯಲ್ಲಿ ಕಂಪನಿಗೊಂದು ಕಾಗದ ಬಂದಿತ್ತು. ಬರೆದವಳು ಆಲ್ಪ್ಸ್ ತಪ್ಪಲಿನ ಒಬ್ಬ ಪಶುವೈದ್ಯೆ. ಹಿಮದ ದಾರಿಯಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡಲು ಇರಲಿ ಎಂದು ಕಂಪನಿಯ ಹಿಂದಿನ ದೊಡ್ಡ ಗಾಡಿ ಕೊಂಡಿದ್ದಳಂತೆ. ಕಡೆಯ ಗುಂಡಿಯೊಂದನ್ನು ಬಿಟ್ಟು ಬಿಸಿಗಾಳಿಯ ಗುಂಡಿಗಳೆಲ್ಲ ಪರದೆಯೊಳಗೆ ಹೋಗಿದ್ದ ಗಾಡಿ ಅದು. ಗಾಜೇನೋ ತಿಳಿಯಾಯಿತು, ಆದರೆ ಒದ್ದೆ ಕೈ, ಕೊರೆಯುವ ಚಳಿ, ಒಳಗೆ ಬಿಸಿಗಾಳಿ ಬಿಡು ಎಂದರೆ ಪರದೆ ಕೇಳಲಿಲ್ಲ. ಮರಗಟ್ಟಿದ ಕೈಯಲ್ಲಿ ಅವಳು ರಸ್ತೆ ಬದಿ ಒದ್ದಾಡುತ್ತಿದ್ದಾಗ ಎರಡು ಮೈಲಿಯಾಚೆ ಒಂದು ಹಸು ಕರು ಹಾಕಲಾರದೆ ಸತ್ತಿತು. ಕಾಗದದ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದಳು: ನಿಮ್ಮಲ್ಲಿ ಯಾರಾದರೂ ಈ ಗಾಡಿಯನ್ನು ಚಳಿಯಲ್ಲಿ ಹತ್ತಿದ್ದೀರಾ?

ಹತ್ತಿದ್ದರು. ಹನ್ನೊಂದು ವರ್ಷ ಹತ್ತಿದ್ದರು. ಆದರೆ ಚಳಿಯನ್ನು ಅವರಿಗಿಂತ ಮೊದಲೇ ಎದ್ದು ರೋಸ್ವಿತಾ ಓಡಿಸಿಬಿಟ್ಟಿರುತ್ತಿದ್ದಳು. ಕಾಗದ ಓದಿದ ದಿನ ಅವಳಿಗೆ ತಿಲ್ಮನ್ ಮೇಲಲ್ಲ, ಬ್ರೆಂಡೆಲ್ ಮೇಲಲ್ಲ, ತನ್ನ ಮೇಲೆಯೇ ಹೇಸಿಗೆಯಾಯಿತು. ಗುಂಡಿಗಳನ್ನು ಕೊಂದವರು ಅವರೇ ಇರಬಹುದು, ಕತ್ತಿಯನ್ನು ಬಿಸಿ ಮಾಡಿ ಕೈಗೆ ಕೊಟ್ಟವಳು ತಾನು. ಒಳ್ಳೆಯ ಉದ್ಯೋಗಿ ಅನ್ನಿಸಿಕೊಳ್ಳುವ ಚಟದಲ್ಲಿ ಹನ್ನೊಂದು ವರ್ಷ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದಳು.

ಹಾಗಾಗಿ ಆ ಮಧ್ಯಾಹ್ನ, ಮೂರು ಗಂಟೆಯ ಸೂರ್ಯ ಆಗಲೇ ಮುಳುಗಲು ಹೊರಟಿದ್ದಾಗ, ಅವಳು ಸಿಗ್ವಾರ್ಡನನ್ನು ಹುಡುಕಿಕೊಂಡು ಹೋದಳು. ಸರೋವರದ ಮೇಲಿನ ಹಿಮ ಗುಡಿಸಿ ಓಟದ ದಾರಿ ಮಾಡಿಕೊಡುವ ಅರವತ್ತೆಂಟರ ಮುದುಕ ಅವನು. ಅವನೂ ಅವನ ಟ್ರ್ಯಾಕ್ಟರೂ ಒಂದೇ ಬಣ್ಣಕ್ಕೆ ತಿರುಗಿದ್ದರು.

"ಸಿಗ್ವಾರ್ಡ್, ಇವತ್ತು ರಾತ್ರಿ ದೊಡ್ಡೋರ ಗಾಡಿ ಶೆಡ್ಡಿಗೆ ಹಾಕ್ಬೇಡ. ಇಲ್ಲೇ ಮಂಜಿನ ಮೇಲೆ ಇರ್ಲಿ. ಚಾರ್ಜು ತುಂಬಿಸು, ಆಮೇಲೆ ವೈರು ಕಿತ್ತುಬಿಡು."

ಸಿಗ್ವಾರ್ಡ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮೂವತ್ನಾಲ್ಕಕ್ಕೆ ಇಳಿಯುತ್ತೆ ಅಂದಿದ್ದಾರೆ ರೇಡಿಯೋದಲ್ಲಿ. ಕಲ್ಲಾಗಿ ಹೋಗುತ್ತೆ ನಿನ್ನ ಗಾಡಿ."

"ಆಗ್ಲಿ."

"ಕೆಲ್ಸ ಬಿಡ್ಬೇಕು ಅಂತಿದ್ಯಾ?"

"ಬಿಡಿಸಿದ್ರೆ ಬಿಡ್ತೀನಿ."

"ಸರಿ ಹಾಗಾದ್ರೆ," ಎಂದು ಸಿಗ್ವಾರ್ಡ್ ತುಟಿಯ ಕೆಳಗಿದ್ದ ಹೊಗೆಸೊಪ್ಪನ್ನು ನಾಲಿಗೆಯಿಂದ ಆ ಬದಿಗೆ ತಳ್ಳಿದ. "ಇಷ್ಟು ವರ್ಷಕ್ಕೆ ಒಂದು ಪರೀಕ್ಷೆ ಅಂತ ಮಾಡ್ತಿದ್ದೀರಿ ಅನ್ನು."

ಮರುದಿನ ಆರಕ್ಕೆ ರೋಸ್ವಿತಾಳಿಗೆ ಎಚ್ಚರವಾಯಿತು. ಕೈಕಾಲು ಎದ್ದು ಹೊರಡಲು ತವಕಿಸಿದವು. ಹನ್ನೊಂದು ವರ್ಷದ ಗುಲಾಮಗಿರಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವಳು ಕಂಬಳಿ ತಲೆವರೆಗೆ ಎಳೆದುಕೊಂಡು ಏಳೂವರೆಯವರೆಗೆ ಹಟ ಹಿಡಿದು ಮಲಗಿದಳು.

ಎಂಟೂವರೆಗೆ ತಿಲ್ಮನ್ ಗಾಡಿಯ ಬಾಗಿಲು ತೆಗೆದು ನೋಡಿ ಓಡಿ ಬಂದ. ಮುಖ ಹಾಲಿನಂತೆ ಬಿಳುಚಿತ್ತು.

"ಮೇಡಂ! ಗಾಡಿ ತಣ್ಣಗಿದೆ! ಬಿಸಿನೇ ಮಾಡಿಲ್ಲ ನೀವು!"

"ಇಲ್ಲ."

"ಇಲ್ಲ ಅಂದ್ರೆ? ಇನ್ನರ್ಧ ಗಂಟೇಲಿ ಅವ್ರು ಬರ್ತಾರೆ!"

"ನಿಮ್ಮ ಫೋನಿಂದ ಬಿಸಿ ಮಾಡಬಹುದು ಅಂತ ಜಾಹೀರಾತಿನಲ್ಲಿ ಹೇಳ್ತೀರಲ್ಲ. ಮಾಡಿ ನೋಡೋಣ."

ತಿಲ್ಮನ್ ಫೋನು ತೆಗೆದ. ಬ್ಯಾಟರಿ ಅರವತ್ತು ತೋರಿಸಿತು, ಮೂವತ್ತು ತೋರಿಸಿತು, ಕಣ್ಣು ಮುಚ್ಚಿಕೊಂಡಿತು. ಅವನು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಣಿಯತೊಡಗಿದ. ರೋಸ್ವಿತಾ ಅಡ್ಡ ಬರಲಿಲ್ಲ, ನೆರವಿಗೂ ಹೋಗಲಿಲ್ಲ. ಕಂಕುಳ ಶಾಖಕ್ಕೆ ಫೋನಿಗೆ ಜೀವ ಬರುವುದಕ್ಕೂ ಡಾಕ್ಟರ್ ಬ್ರೆಂಡೆಲ್ ಹೋಟೆಲಿನ ವ್ಯಾನಿನಿಂದ ಇಳಿಯುವುದಕ್ಕೂ ಸರಿಹೋಯಿತು.

ಬ್ರೆಂಡೆಲ್ ಎತ್ತರದ ಆಳು. ಉಗಿಸ್ನಾನದ ಕೆಂಪು ಇನ್ನೂ ಕೆನ್ನೆಯ ಮೇಲಿತ್ತು. ಮಂಡಳಿಗೆ ಬರುವ ಮೊದಲು ಹೋಟೆಲುಗಳ ದೊಡ್ಡ ಸಂಸ್ಥೆಯೊಂದನ್ನು ನಡೆಸಿದವರು. ಗಾಡಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು, ಅದು ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬುದಷ್ಟೇ.

"ಎಂಥಾ ಬೆಳಗು!" ಎಂದು ಅವರು ಸ್ಟಿಯರಿಂಗಿನ ಹಿಂದೆ ಕೂತರು. ಕೂತ ಕೂಡಲೇ ಬೆನ್ನು ನೆಟ್ಟಗಾಯಿತು. "ಇದೇನಿದು, ಸೀಟು ತಣ್ಣಗಿದೆಯಲ್ಲ?"

"ಹೌದು ಸರ್. ಹೊರಗೆ ಮೈನಸ್ ಮೂವತ್ನಾಲ್ಕು," ಎಂದಳು ಪಕ್ಕದಲ್ಲಿ ಕೂತ ರೋಸ್ವಿತಾ. ಹಿಂದಿನ ಸೀಟಿನಲ್ಲಿ ತಿಲ್ಮನ್ ಉಸಿರು ಬಿಡದೆ ಕೂತಿದ್ದ. ಬಿಡದಿದ್ದದ್ದೇ ಒಳ್ಳೆಯದು, ಏಕೆಂದರೆ ಬಿಟ್ಟ ಉಸಿರೆಲ್ಲ ಗಾಜಿಗೆ ಅಂಟುತ್ತಿತ್ತು.

ಗಾಡಿ ಹೊರಟಿತು. ಮೊದಲ ಇನ್ನೂರು ಮೀಟರು ದಾರಿ ಕಂಡಿತು. ಅಷ್ಟರಲ್ಲಿ ಒಳಗಿದ್ದವರ ಉಸಿರು ಮುಂದಿನ ಗಾಜಿನ ಒಳಮೈಯಲ್ಲಿ ಕೂತು ಹಾಗೇ ಹೆಪ್ಪುಗಟ್ಟಿತು.

"ಏನೂ ಕಾಣ್ತಿಲ್ಲ," ಎಂದರು ಬ್ರೆಂಡೆಲ್.

"ಹವಾಮಾನ ಅಂತ ಒತ್ತಿ ಸರ್, ಕೆಳಗಡೆ ಎಡಗಡೆ," ಎಂದ ತಿಲ್ಮನ್ ಹಿಂದಿನಿಂದ.

ಬ್ರೆಂಡೆಲ್ ಗವಸಿನ ಬೆರಳಿಟ್ಟರು. ಪರದೆ ತಿರುಗಿಯೂ ನೋಡಲಿಲ್ಲ. ಇನ್ನೊಮ್ಮೆ ಇಟ್ಟರು. ಹಲ್ಲಿನಿಂದ ಗವಸು ಕಚ್ಚಿ ಎಳೆದು ಬರಿಗೈ ಇಟ್ಟರು. ಚಳಿಗೆ ಪರದೆಗೂ ಜೋಮು ಹಿಡಿದಿತ್ತು. ಒಂದು, ಎರಡು, ಮೂರು ಎಣಿಸುವವರೆಗೂ ಏನೂ ಆಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವರು ಮತ್ತೆ ಒತ್ತಿದರು. ಆಗ ಮೊದಲು ಒತ್ತಿದ್ದಕ್ಕೆ ಪುಟ ತೆರೆಯಿತು, ಆಮೇಲೆ ಒತ್ತಿದ್ದು ಆ ಪುಟದಲ್ಲಿ ಬೇರೆ ಯಾವುದಕ್ಕೋ ತಗುಲಿತು. ಡಾಕ್ಟರ್ ಬ್ರೆಂಡೆಲರ ಸೊಂಟಕ್ಕೆ ಸೀಟು ಮಾಲೀಸು ಮಾಡತೊಡಗಿತು.

"ಏನ್ರೀ ಇದು!"

"ಮಸಾಜ್ ಸರ್. ಹಿಂದಕ್ಕೆ ಹೋಗಿ, ಬಾಣದ ಗುರುತು..."

"ಎಲ್ಲಿದೆ ಬಾಣ?"

"ಬಾಯಲ್ಲಿ ಹೇಳಿ ಸರ್! ಹೇಳಿದ್ರೆ ತಾನೇ ಮಾಡುತ್ತೆ!"

"ಗಾಜಿನ ಮಂಜು ತೆಗಿ!" ಎಂದು ಬ್ರೆಂಡೆಲ್ ಗಾಡಿಗೆ ಆಜ್ಞಾಪಿಸಿದರು. ಇಪ್ಪತ್ತು ಸಾವಿರ ಜನರಿಗೆ ಆಜ್ಞಾಪಿಸಿ ರೂಢಿಯಿದ್ದ ದನಿ ಅದು. ಗಾಡಿ ಬಲು ವಿನಯದಿಂದ, ಇಂಟರ್ನೆಟ್ ಸಂಪರ್ಕವಿಲ್ಲ, ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ ಎಂದಿತು. ಅವರು ತಲೆ ಬಗ್ಗಿಸಿ ಬಾಣದ ಗುರುತು ಹುಡುಕುತ್ತ, ಮಾಲೀಸಿಗೆ ಅಲ್ಲಾಡುತ್ತ, ಎರಡೂವರೆ ಟನ್ ಗಾಡಿಯನ್ನು ಕುರುಡಾಗಿ ಓಡಿಸುತ್ತಿದ್ದರು. ರೋಸ್ವಿತಾ, "ನಿಲ್ಲಿಸಿ ಸರ್," ಎಂದಳು. ಮತ್ತೆ ಹೇಳುವಷ್ಟರಲ್ಲಿ ಗಾಡಿ ತಿರುವಿನಲ್ಲಿ ತಿರುಗದೆ ನೆಟ್ಟಗೆ ಹಿಮದ ದಿಬ್ಬಕ್ಕೆ ಮೂಗು ತೂರಿಸಿ ನಿಂತಿತು. ದಿಬ್ಬ ಮೆತ್ತಗಿತ್ತು, ಯಾರಿಗೂ ಗಾಯವಾಗಲಿಲ್ಲ. ಮಾಲೀಸು ಮಾತ್ರ ನಿಲ್ಲಲಿಲ್ಲ.

ಸಿಗ್ವಾರ್ಡ್ ಟ್ರ್ಯಾಕ್ಟರು ತಂದ. ಬಾಗಿಲು ತೆಗೆದು ಒಳಗೆ ಇಣುಕಿ, ನಡುಗುತ್ತಿದ್ದ ಬ್ರೆಂಡೆಲರನ್ನು ನೋಡಿ, "ಬಾರೋ, ನನ್ನ ಪಕ್ಕ ಹತ್ತು, ಬೆಚ್ಚಗಿದೆ," ಎಂದ. ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರಿಗೂ ನೀನು. ಮಂಡಳಿಗೆ ಸೇರಿದ ಮೇಲೆ ಬ್ರೆಂಡೆಲರನ್ನು ನೀನು ಎಂದವರು ಇವನೊಬ್ಬನೇ ಇರಬೇಕು. ಅವರು ಹತ್ತಿದರು. ರೋಸ್ವಿತಾ ಮೆಟ್ಟಿಲ ಮೇಲೆ ನಿಂತು ಕಂಬಿ ಹಿಡಿದುಕೊಂಡಳು, ತಿಲ್ಮನ್ ಬಾತುಕೋಳಿ ನಡಿಗೆಯಲ್ಲಿ ಹಿಂದೆ ಬಂದ. ಟ್ರ್ಯಾಕ್ಟರಿನೊಳಗೆ ಮುಷ್ಟಿಗಾತ್ರದ ಕಪ್ಪು ತಿರುಪುಗಳು, ಹಿಡಿಕೆಗಳು. ಸಿಗ್ವಾರ್ಡ್ ದಪ್ಪ ತೊಗಲಿನ ಗವಸು ಬಿಚ್ಚದೆಯೇ ಒಂದನ್ನು ತಿರುಗಿಸಿದ, ಬಿಸಿಗಾಳಿ ಭರ್ರನೆ ಬಂತು.

"ನಿಮ್ಮ ಗಾಡೀಲಿ ಇದು ಎಲ್ಲಿರುತ್ತೆ?" ಎಂದು ಕೇಳಿದ.

"ಪರದೆ ಒಳಗೆ," ಎಂದರು ಬ್ರೆಂಡೆಲ್ ಹಲ್ಲು ಕಟಕಟ ಕಡಿಯುತ್ತ.

"ಒಳಗೆ ಯಾಕಿಟ್ರಿ? ಕಳ್ರು ಕದಿಯೋಕೆ ಬಂದಿದ್ರಾ?"

ಬ್ರೆಂಡೆಲ್ ಬಿಸಿಗಾಳಿಗೆ ಎರಡೂ ಕೈ ಒಡ್ಡಿದರು. ರೋಸ್ವಿತಾಳ ಎದೆಯಲ್ಲಿ ಬಹಳ ವರ್ಷದ ನಂತರ ಒಂದು ಖುಷಿ ಉಕ್ಕಿತು. ಗೆದ್ದೆ ಅಂದುಕೊಂಡಳು. ಕಣ್ಣಾರೆ ಕಂಡ ಮೇಲೆ, ಮೈಯಾರೆ ಅನುಭವಿಸಿದ ಮೇಲೆ, ಎಂಥ ಮರದ ತಲೆಗೂ ಹೊಳೆಯಲೇಬೇಕಲ್ಲ.

ದಡದ ಮರದ ಮನೆಯಲ್ಲಿ ಕಾಫಿಯೂ ದಾಲ್ಚಿನ್ನಿಯ ಬನ್ನೂ ಕಾದಿದ್ದವು. ಬ್ರೆಂಡೆಲ್ ಎರಡು ಲೋಟ ಕಾಫಿ ಕುಡಿದರು. ಕೆನ್ನೆಗೆ ಬಣ್ಣ ಬಂದ ಮೇಲೆ ಅಧಿಕಾರವೂ ಮರಳಿ ಬಂತು.

"ಫ್ರೌ ಕ್ನಾಪ್, ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ, ಒಂದು ದಿನಾನೂ ಹೀಗಾಗಿರಲಿಲ್ಲ. ಇವತ್ತು ಗಾಡಿ ಕೆಟ್ಟಿತ್ತು."

"ಕೆಟ್ಟಿರಲಿಲ್ಲ ಸರ್. ತಣ್ಣಗಿತ್ತು."

"ಅದೇ ನಾನೂ ಹೇಳ್ತಿರೋದು. ನಮ್ಮ ಗಾಡಿಗಳು ತಣ್ಣಗಿರೋದಿಲ್ಲ."

ಅವರು ತಮಾಷೆ ಮಾಡುತ್ತಿಲ್ಲವೆಂದು ಅರಿವಾಗಲು ರೋಸ್ವಿತಾಳಿಗೆ ಒಂದು ಗಳಿಗೆ ಬೇಕಾಯಿತು. ಮನೆಯ ಕೆಳಗೆ ಬೆಚ್ಚನೆಯ ಗ್ಯಾರೇಜು, ಕಚೇರಿಯ ಕೆಳಗೆ ಬೆಚ್ಚನೆಯ ಗ್ಯಾರೇಜು, ನಡುವೆ ಚಾಲಕ. ಈ ಮನುಷ್ಯ ತಣ್ಣನೆಯ ಗಾಡಿಯನ್ನು ಹತ್ತಿದ್ದೇ ಇವತ್ತು. ಚಳಿಯೆಂಬುದು ಇವರ ಪಾಲಿಗೆ ಯಾರೋ ಕೆಲಸದವರ ಅಜಾಗರೂಕತೆ.

"ಗ್ರಾಹಕರ ಗಾಡಿ ದಿನಾ ತಣ್ಣಗೇ ಇರುತ್ತೆ ಸರ್. ರಸ್ತೆ ಬದೀಲಿ ನಿಂತಿರುತ್ತೆ," ಎಂದಳು.

"ಅಂಥವರು ನಮ್ಮ ಗಾಡಿ ಕೊಳ್ಳಲ್ಲ ಬಿಡಿ," ಎಂದು ಬ್ರೆಂಡೆಲ್ ಬನ್ನಿನ ಪುಡಿ ಕೊಡವಿಕೊಂಡರು. "ಯೋಚನೆ ಹಾಗೇ ಮುಂದುವರಿಯಲಿ. ಬಟನ್ ಬೇಡ. ಡ್ಯಾಶ್‌ಬೋರ್ಡು ನಿಜಕ್ಕೂ ಸುಂದರವಾಗಿದೆ, ತಿಲ್ಮನ್."

ತಿಲ್ಮನ್ ಹಲ್ಲು ಕಿರಿದ.

"ಹಾಂ, ಇನ್ನೊಂದು," ಎಂದರು ಬ್ರೆಂಡೆಲ್ ಕೋಟು ಎತ್ತಿಕೊಳ್ಳುತ್ತ. "ನನಗೆ ಕೊಡೋ ಗಾಡಿಗೆ ಮಾತ್ರ ಆ ಬಟನ್ ಹಾಕಿಸಿಬಿಡಿ. ಅದಿಲ್ಲದೆ ಈ ಗಾಡೀನ ಮಂಜಿನಲ್ಲಿ ನಾನಂತೂ ಓಡಿಸಲ್ಲ."

ರೋಸ್ವಿತಾಳಿಗೆ ಮೊದಲು ಕಿವಿ ಕಾದವು, ಆಮೇಲೆ ಎಲ್ಲ ತಣ್ಣಗಾಯಿತು. ಇಷ್ಟು ಹೊತ್ತು ಇವರನ್ನು ದಡ್ಡರೆಂದುಕೊಂಡಿದ್ದಳು. ದಡ್ಡರಲ್ಲ. ಚೆನ್ನಾಗಿಯೇ ಅರ್ಥವಾಗಿದೆ. ಅರ್ಥವಾಗಿಯೂ ತಮಗೊಂದು ಗುಂಡಿ, ಊರವರಿಗೆ ಗಾಜು. ಇಂಥವರ ಮುಂದೆ ವಾದಿಸುವುದೇ ತನಗೆ ಅವಮಾನ ಅನ್ನಿಸಿತು. ಅವಳು ಮೇಜಿಗೆ ಹೋಗಿ ಚಾಲನಾ ಹಾಳೆ ತೆಗೆದುಕೊಂಡಳು.

ಸರೋವರದ ಮೇಲೆ ಯಾರು ಗಾಡಿ ಓಡಿಸಿದರೂ ಇಳಿದ ಮೇಲೆ ಆ ಹಾಳೆಗೆ ಸಹಿ ಹಾಕಬೇಕು. ಅದರಲ್ಲಿ ಬಿದ್ದ ಮಾತನ್ನು ಬೇರೆ ಯಾರೂ ಅಳಿಸುವಂತಿಲ್ಲ. ಚಾಲಕನು 'ಬೇಕು' ಎಂದದ್ದನ್ನು ಗಾಡಿಯಿಂದ ಬಿಡಬೇಕಾದರೆ ಆ ಚಾಲಕನೇ ಕಾರಣ ಕೊಟ್ಟು, ನನ್ನ ಮಾತು ಹಿಂತೆಗೆದುಕೊಂಡಿದ್ದೇನೆ ಎಂದು ಬರೆದುಕೊಡಬೇಕು. ದೊಡ್ಡವರ ಹಾಳೆಯನ್ನು ಪ್ರತಿ ವರ್ಷ ರೋಸ್ವಿತಾಳೇ ತುಂಬುತ್ತಿದ್ದಳು. ಉದ್ದಕ್ಕೂ 'ತೃಪ್ತಿಕರ' ಎಂದು ಬರೆದು ಕೊಟ್ಟರೆ ಅವರು ಸಹಿ ಎಳೆದು ವಿಮಾನಕ್ಕೆ ಓಡುತ್ತಿದ್ದರು.

ಇವತ್ತೂ ತುಂಬಿದಳು. ಗಾಜು ತಿಳಿಯಾಗಲು ಹಿಡಿದ ಸಮಯ: ತಿಳಿಯಾಗಲಿಲ್ಲ, ಗಾಡಿ ಹಿಮದ ದಿಬ್ಬಕ್ಕೆ ನುಗ್ಗಿತು. ಕೈಗವಸಿನೊಂದಿಗೆ ಬಳಕೆ: ಆಗುವುದಿಲ್ಲ. ಗುಂಡಿ: ಬೇಕು. ಚಾಲಕರ ಮಾತು, ಅವರದೇ ಶಬ್ದಗಳಲ್ಲಿ: ಅದಿಲ್ಲದೆ ಈ ಗಾಡಿಯನ್ನು ಮಂಜಿನಲ್ಲಿ ನಾನಂತೂ ಓಡಿಸಲ್ಲ. ಒಂದಕ್ಷರವೂ ಸುಳ್ಳಲ್ಲ. ಅಕ್ಷರಗಳನ್ನು ದುಂಡಗೆ, ದೊಡ್ಡದಾಗಿ, ಯಾರಿಗೂ ಓದಲು ಕಷ್ಟವಾಗದಂತೆ ಬರೆದಳು.

"ಸರ್, ಹಾಳೆ," ಎಂದು ಮುಂದಿಟ್ಟಳು. "ಒಮ್ಮೆ ಓದಿಕೊಳ್ಳಿ."

"ಓದೋದೇನಿದೆ, ನೀವು ಬರ್ದಿರ್ತೀರಲ್ಲ," ಎಂದು ಬ್ರೆಂಡೆಲ್ ಒಂದು ತೋಳನ್ನು ಕೋಟಿಗೆ ತೂರಿಸುತ್ತ, ಇನ್ನೊಂದು ಕೈಯಲ್ಲಿ ಸಹಿ ಎಳೆದರು. ವ್ಯಾನು ಹೊರಗೆ ಕಾದಿತ್ತು. ಹೋದರು.

ವ್ಯಾನು ಮರೆಯಾದ ಮೇಲೆ ತಿಲ್ಮನ್ ಹಾಳೆಯ ಮೇಲೆ ಬಗ್ಗಿದ. ಓದುತ್ತ ಓದುತ್ತ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಮೇಡಂ, ಇದು ಮೋಸ."

"ಯಾವ ಸಾಲು ಸುಳ್ಳು, ತೋರ್ಸಿ."

ತಿಲ್ಮನ್ ಮತ್ತೊಮ್ಮೆ ಓದಿದ. "ಅವ್ರು ವಾಪಸ್ ತಗೋತಾರೆ," ಎಂದ.

"ತಗೊಳ್ಲಿ. ಓದದೆ ಸಹಿ ಹಾಕ್ದೆ ಅಂತ ಬರ್ದುಕೊಡ್ಲಿ. ಇಲ್ಲಾಂದ್ರೆ, ಬಟನ್ ನನಗೆ ಬೇಕು, ಬೇರೆಯವ್ರಿಗೆ ಬೇಡ ಅಂತ ಬರ್ದುಕೊಡ್ಲಿ. ಎರಡ್ರಲ್ಲಿ ಯಾವ್ದನ್ನ ಬರೀತಾರೋ ನೀವೇ ಕೇಳಿ ನೋಡಿ."

ಬ್ರೆಂಡೆಲ್ ಎರಡನ್ನೂ ಬರೆಯಲಿಲ್ಲ. ಮಾರ್ಚಿನಲ್ಲಿ ರೋಸ್ವಿತಾಳನ್ನು ಸರೋವರದ ಕೆಲಸದಿಂದ ತೆಗೆದು ಕಚೇರಿಯ ಮೂಲೆಯ ಕೋಣೆಗೆ ಹಾಕಿದರು. ಕಾರಣ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಗುಂಡಿ ಮಾತ್ರ ನಕ್ಷೆಯಲ್ಲಿ ಉಳಿಯಿತು, ಎಲ್ಲ ಗಾಡಿಗಳಿಗೂ.

ಸೆಪ್ಟೆಂಬರಿನಲ್ಲಿ ಗಾಡಿ ಬಿಡುಗಡೆಯಾದ ದಿನ ಕಚೇರಿಯ ಊಟದ ಮನೆಯಲ್ಲಿ ದೊಡ್ಡ ಟೀವಿ ಹಚ್ಚಿದ್ದರು. ಝಗಝಗಿಸುವ ವೇದಿಕೆಯ ಮೇಲೆ ಡಾಕ್ಟರ್ ಬ್ರೆಂಡೆಲ್ ಗಾಡಿಯೊಳಗೆ ಕೂತು, ಕ್ಯಾಮೆರಾದ ಮುಂದೆ ಗುಂಡಿ ಒತ್ತಿದರು. ಟಿಕ್ ಎಂದಿತು. "ಎಲ್ಲರೂ ಬಟನ್ ಬಿಸಾಕ್ತಿದ್ದಾಗ, ಇದೊಂದು ಇರಲೇಬೇಕು ಅಂತ ನಾನು ಹಟ ಹಿಡಿದೆ," ಎಂದರು. "ಯಾಕಂದ್ರೆ ಚಳಿ ಅಂದ್ರೆ ಏನು ಅಂತ ನನಗೆ ಗೊತ್ತು." ಸಭಾಂಗಣ ಚಪ್ಪಾಳೆಯಿಂದ ತುಂಬಿತು. ವೇದಿಕೆಯ ಪಕ್ಕದಲ್ಲಿ ನಿಂತ ತಿಲ್ಮನ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.

ಊಟದ ಮನೆಯಲ್ಲಿ ನಾಲ್ಕೈದು ಜನ ರೋಸ್ವಿತಾಳ ಮುಖ ನೋಡಿದರು. ಅವಳು ಬೇಳೆಯ ಕೊನೆಯ ಚಮಚ ನುಂಗಿ, ಬಾಯೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ, "ಥೂ," ಎಂದಳು. ಆಮೇಲೆ ತಟ್ಟೆ ಎತ್ತಿಕೊಂಡು ಇನ್ನೊಂದು ಸಲ ಬಡಿಸಿಕೊಳ್ಳಲು ಹೋದಳು.